ಪೂರ್ವಕ್ಕೊಂದು ಮಾಡು, ಪಶ್ಚಿಮಕ್ಕೊಂದು ಮಾಡು, ಇನ್ವರ್ಟರ್ ಮಾತ್ರ ಒಂದೇ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹೆಂಚಿನ ಮನೆಗಳಲ್ಲಿ ದಕ್ಷಿಣಕ್ಕೆ ಇಳಿದ ದೊಡ್ಡ ಮಾಡು (ಚಾವಣಿ) ಸಿಕ್ಕಿದರೆ ಅದು ಪುಣ್ಯ. ಬಾಗಿಲು ಪೂರ್ವಕ್ಕಿದ್ದರೆ ಮಾಡು ಸಾಮಾನ್ಯವಾಗಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಇಳಿದಿರುತ್ತದೆ. ಕೊಟ್ಟಿಗೆಯ ಶೀಟಿನದು ಮತ್ತೊಂದೇ ದಿಕ್ಕು. ಕಾರವಾರ, ಕುಮಟಾ ಪೇಟೆಯ ತಾರಸಿ ಮನೆಗಳ ಮೇಲೂ ಮಳೆಗೆ ಹೆದರಿ ಶೀಟಿನ ಮಾಡು ಎದ್ದಿದೆ. ಅದೂ ಎರಡು ಕಡೆ ಇಳಿದದ್ದೇ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದು 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಎಂದಾದ ಮೇಲೆ ಇಂಥ ಮಾಡುಗಳ ಮೇಲೂ ಸೋಲಾರ್ ಪ್ಯಾನೆಲ್ಲು ಏರುತ್ತಿವೆ. 540 ವ್ಯಾಟಿನ ಒಂದು ಪ್ಯಾನೆಲ್ಲು ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ, 28 ಕಿಲೋ ಆಸುಪಾಸಿನ ತೂಕ. ಅಂಥ ಆರನ್ನು ಒಂದೇ ಮಗ್ಗುಲಿಗೆ ಕೂರಿಸಲು ಜಾಗ ಸಾಲದೆ ಹೋದಾಗ ಪ್ರಶ್ನೆ ಏಳುತ್ತದೆ: ಅರ್ಧ ಅಲ್ಲಿ, ಅರ್ಧ ಇಲ್ಲಿ ಹಾಕಿ ಒಂದೇ ಇನ್ವರ್ಟರಿಗೆ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟು ಮಾಡುವ ಪೆಟ್ಟಿಗೆಗೆ) ಕೊಡಬಹುದೇ?

ಕೊಡಬಹುದು. ತಂತಿ ಹೇಗೆ ಜೋಡಿಸಿದ್ದೀರಿ ಎಂಬುದರ ಮೇಲೆ ಅದು ಒಳ್ಳೆಯ ವ್ಯವಸ್ಥೆಯೋ, ದಿನಾ ಬೆಳಿಗ್ಗೆ ಕಾಲು ಭಾಗ ಸೋರಿಹೋಗುವ ವ್ಯವಸ್ಥೆಯೋ ಎಂದು ತೀರ್ಮಾನವಾಗುತ್ತದೆ.

ದಿಕ್ಕು ಬದಲಿಸುವುದು ಆಂಪಿಯರನ್ನು, ವೋಲ್ಟನ್ನಲ್ಲ

ಇಷ್ಟು ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. 540 ವ್ಯಾಟಿನ ಪ್ಯಾನೆಲ್ಲಿನ ಬೆನ್ನ ಮೇಲಿನ ಲೇಬಲ್ ಓದಿ: ಓಪನ್ ವೋಲ್ಟೇಜು (ಏನನ್ನೂ ಜೋಡಿಸದಿದ್ದಾಗಿನದು) ಸುಮಾರು 49.5, ಕೆಲಸ ಮಾಡುವಾಗಿನ ವೋಲ್ಟೇಜು 41.5, ಶಾರ್ಟ್ ಸರ್ಕ್ಯೂಟ್ ಕರೆಂಟು (ಪ್ಲಸ್ಸು ಮೈನಸ್ಸು ನೇರ ತಾಗಿದಾಗಿನದು) 13.9 ಆಂಪಿಯರ್, ಕೆಲಸದ ಕರೆಂಟು 13. ಕಂಪನಿಯಿಂದ ಕಂಪನಿಗೆ ಅಲ್ಪಸ್ವಲ್ಪ ಹೆಚ್ಚು ಕಡಿಮೆ. ಬಿಸಿಲು ಅರ್ಧಕ್ಕೆ ಇಳಿದರೆ ಆಂಪಿಯರೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವೋಲ್ಟೇಜು ಮಾತ್ರ ಒಂದೆರಡು ವೋಲ್ಟ್ ಆಚೀಚೆ ಅಷ್ಟೆ. ವೋಲ್ಟೇಜನ್ನು ನಿಜವಾಗಿ ಅಲುಗಾಡಿಸುವುದು ಬಿಸಿ. ಪ್ಯಾನೆಲ್ಲು ಕಾದಷ್ಟೂ ವೋಲ್ಟ್ ಕಡಿಮೆ.

ಸೀರೀಸ್‌ನಲ್ಲಿ, ಅಂದರೆ ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಸ್ಟ್ರಿಂಗಿನಲ್ಲಿ, ಎಲ್ಲ ಪ್ಯಾನೆಲ್ಲಿನಲ್ಲೂ ಹರಿಯುವ ಆಂಪಿಯರ್ ಒಂದೇ ಇರಬೇಕು. ದಿಕ್ಕು ಬೇರೆಯಾದರೆ ಆಂಪಿಯರ್ ಬೇರೆ; ಆದ್ದರಿಂದ ಬೇರೆ ದಿಕ್ಕಿನ ಪ್ಯಾನೆಲ್ಲು ಒಂದೇ ಸ್ಟ್ರಿಂಗಿನಲ್ಲಿ ಇರಕೂಡದು. ಪ್ಯಾರಲಲ್‌ನಲ್ಲಿ ಅಂದರೆ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿದಾಗ, ಒಂದಾಗಬೇಕಾದದ್ದು ವೋಲ್ಟೇಜು. ಎರಡೂ ಕಡೆ ಪ್ಯಾನೆಲ್ಲಿನ ಸಂಖ್ಯೆ ಸಮ ಇದ್ದರೆ ಅದು ತಾನಾಗಿಯೇ ಹೊಂದುತ್ತದೆ, ನಷ್ಟ ನೂರಕ್ಕೆ ಒಂದರ ಆಸುಪಾಸು.

ಲೆಕ್ಕ ಹಾಕಿ ನೋಡೋಣ. ಮಾರ್ಚ್ ಕೊನೆಯ ಮೋಡವಿಲ್ಲದ ಬೆಳಿಗ್ಗೆ 9 ಗಂಟೆ. ಹೆಂಚಿನ ಮಾಡು, ಇಳಿಜಾರು 30 ಡಿಗ್ರಿ. ಪೂರ್ವದಲ್ಲಿ 4, ಪಶ್ಚಿಮದಲ್ಲಿ 4 ಪ್ಯಾನೆಲ್ಲು. ಪೂರ್ವದ ಮಾಡಿಗೆ ಬಿಸಿಲು ಬಹುತೇಕ ನೇರ, ಸುಮಾರು 10 ಆಂಪಿಯರ್ ಬರುತ್ತದೆ. ಪಶ್ಚಿಮದ ಮಾಡಿಗೆ ಬಿಸಿಲು ಸವರಿಕೊಂಡು ಹೋಗುತ್ತದೆ. ಆಕಾಶದ ಬೆಳಕೂ ಸೇರಿ ಎರಡೂವರೆ ಆಂಪಿಯರ್. ಪ್ಯಾನೆಲ್ಲಿಗೆ 40 ವೋಲ್ಟ್ ಎಂದು ಹಿಡಿಯಿರಿ.

ಎರಡನ್ನೂ ಬೇರೆ ಬೇರೆ ಇಟ್ಟರೆ ಪೂರ್ವದಿಂದ 1600, ಪಶ್ಚಿಮದಿಂದ 400, ಒಟ್ಟು 2000 ವ್ಯಾಟ್. ಎಂಟನ್ನೂ ಒಂದೇ ಸ್ಟ್ರಿಂಗು ಮಾಡಿದರೆ ಇನ್ವರ್ಟರಿನ ಮುಂದೆ ಎರಡು ದಾರಿ. ಎಲ್ಲವನ್ನೂ ಎರಡೂವರೆ ಆಂಪಿಯರಿಗೆ ಇಳಿಸಿದರೆ ಸಿಗುವುದು 800 ವ್ಯಾಟ್. 10 ಆಂಪಿಯರ್ ಎಳೆದರೆ ಪಶ್ಚಿಮದ ನಾಲ್ಕೂ ಬೈಪಾಸ್ ಡಯೋಡಿನ (ಸೊರಗಿದ ಪ್ಯಾನೆಲ್ಲನ್ನು ಬಿಟ್ಟು ಕರೆಂಟಿಗೆ ಪಕ್ಕದಾರಿ ಕೊಡುವ ಭಾಗ) ಮೂಲಕ ಪಕ್ಕಕ್ಕೆ ಸರಿಯುತ್ತವೆ. ಅವುಗಳಿಂದ ಸೊನ್ನೆ, ಮೇಲಿಂದ ಡಯೋಡುಗಳೇ 60 ವ್ಯಾಟ್ ತಿನ್ನುತ್ತವೆ, ಉಳಿಯುವುದು 1540. ಬುದ್ಧಿವಂತ ಇನ್ವರ್ಟರ್ ಎರಡನೆಯದನ್ನು ಹುಡುಕಿಕೊಂಡರೆ ನಷ್ಟ ಕಾಲು ಭಾಗದ ಹತ್ತಿರ. ಮೊದಲನೆಯದರಲ್ಲೇ ಸಿಕ್ಕಿಕೊಂಡರೆ ಅರ್ಧಕ್ಕಿಂತ ಹೆಚ್ಚು. ಮಧ್ಯಾಹ್ನದ ಮೇಲೆ ಇದೇ ಆಟ ತಿರುಗುಮುರುಗು. ಡಯೋಡಿನ ಕಥೆಯೂ ಚಿಕ್ಕದಲ್ಲ: ಎಲೆಯೋ ಹಕ್ಕಿ ಹಿಕ್ಕೆಯೋ ಬಿದ್ದಾಗ ಆಪತ್ತಿಗೆ ಇರಲಿ ಎಂದು ಇಟ್ಟ ಡಯೋಡುಗಳು ವರ್ಷಪೂರ್ತಿ ದಿನಕ್ಕೆ ನಾಲ್ಕೈದು ತಾಸು ಬಿಸಿಯಾಗುತ್ತ ಕೂರಬೇಕಾಗುತ್ತದೆ. ಒಂದು ಪ್ಯಾನೆಲ್ಲಿನ ಬೆನ್ನಿನ ಪೆಟ್ಟಿಗೆಗಳಲ್ಲಿ ಹತ್ತಿರ ಹತ್ತಿರ 15 ವ್ಯಾಟ್ ಬಿಸಿ. ಕೆಲವು ವರ್ಷಕ್ಕೆ ಅವು ಸುಟ್ಟು ಶಾರ್ಟ್ ಆದರೆ ಆ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಕಾಯಮ್ಮಾಗಿ ಹೋಯಿತು.

ಇಳಿಜಾರು 10 ಡಿಗ್ರಿ ಮಾತ್ರ ಇರುವ ಶೀಟಿನ ಮಾಡಿನಲ್ಲಿ ಇಷ್ಟು ಅನಾಹುತವಿಲ್ಲ. ಅದೇ 9 ಗಂಟೆಗೆ ಪೂರ್ವದ ಆಂಪಿಯರ್ ಪಶ್ಚಿಮದ ಒಂದೂವರೆ ಪಟ್ಟು ಇರುತ್ತದೆ, ನಾಲ್ಕು ಪಟ್ಟಲ್ಲ. ಆದರೂ ನಷ್ಟ ನಷ್ಟವೇ.

ಮಳೆಗಾಲದಲ್ಲಿ ಈ ತಪ್ಪು ಕಾಣುವುದಿಲ್ಲ

ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಆಕಾಶದಲ್ಲಿ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುತ್ತದೆ. ಪೂರ್ವದ ಮಾಡಿಗೂ ಪಶ್ಚಿಮದ ಮಾಡಿಗೂ ಹೆಚ್ಚುಕಡಿಮೆ ಒಂದೇ ಆಂಪಿಯರ್. ಆಗ ದಿಕ್ಕು ಬೆರೆಸಿದ ಸ್ಟ್ರಿಂಗೂ ಸರಿಯಾಗಿಯೇ ಕೆಲಸ ಮಾಡುತ್ತದೆ. ಆಗಸ್ಟಿನಲ್ಲಿ ಕೂರಿಸಿ, ಚಾಲೂ ಮಾಡಿ, ಮೊಬೈಲಿನಲ್ಲಿ ಅಂಕಿ ತೋರಿಸಿ ಹಣ ತೆಗೆದುಕೊಂಡು ಹೋದವರನ್ನು ಆಗ ಯಾರೂ ಕೇಳುವಂತಿಲ್ಲ. ದೀಪಾವಳಿ ಕಳೆದು ಆಕಾಶ ತೊಳೆದಿಟ್ಟಂತಾದ ಮೇಲೆ ‘ಇಷ್ಟು ಬಿಸಿಲಿದ್ದರೂ ಯಾಕೆ ಯೂನಿಟ್ಟು ಏರುತ್ತಿಲ್ಲ’ ಎಂಬ ಮಾತು ಶುರುವಾಗುತ್ತದೆ. ಮಳೆಗಾಲದಲ್ಲಿ ಹಾಕಿಸಿಕೊಂಡಿದ್ದರೆ ಕೊನೆಯ ಕಂತನ್ನು ನವೆಂಬರಿನ ಒಂದು ಬಿಸಿಲ ದಿನದ ಗ್ರಾಫ್ ನೋಡಿ ಕೊಡುವ ಮಾತು ಮೊದಲೇ ಆಡಿಕೊಳ್ಳುವುದು ಒಳ್ಳೆಯದು.

ಎರಡು ಎಂಪಿಪಿಟಿ ಇದ್ದರೆ ಕೆಲಸ ಸುಲಭ

ಎಂಪಿಪಿಟಿ ಎಂದರೆ ಸ್ಟ್ರಿಂಗಿನಿಂದ ಯಾವ ವೋಲ್ಟೇಜಿನಲ್ಲಿ ಹೆಚ್ಚು ವ್ಯಾಟ್ ಸಿಗುತ್ತದೆ ಎಂದು ಸದಾ ಹುಡುಕುವ ಇನ್ವರ್ಟರಿನ ಭಾಗ. ಎರಡು ಎಂಪಿಪಿಟಿ ಇದ್ದರೆ ಪೂರ್ವದ ಸ್ಟ್ರಿಂಗು ಒಂದಕ್ಕೆ, ಪಶ್ಚಿಮದ್ದು ಇನ್ನೊಂದಕ್ಕೆ. ಸಂಖ್ಯೆ ಸಮ ಇರಬೇಕೆಂದೂ ಇಲ್ಲ. 5 ದಕ್ಷಿಣಕ್ಕೆ, 4 ಪಶ್ಚಿಮಕ್ಕೆ ಇದ್ದರೂ ನಡೆಯುತ್ತದೆ. 5 ಕಿಲೋವ್ಯಾಟ್ ಮತ್ತು ಮೇಲಿನ ಇನ್ವರ್ಟರುಗಳಲ್ಲಿ ಎರಡು ಎಂಪಿಪಿಟಿ ಸಾಮಾನ್ಯ. 3 ಕಿಲೋವ್ಯಾಟಿನಲ್ಲಿ ಒಂದಿರುವುದೂ ಉಂಟು, ಎರಡಿರುವುದೂ ಉಂಟು. ಕೇಳಿ ತರಿಸಿ.

ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ಇನ್ವರ್ಟರಿನ ಹೊಟ್ಟೆಯ ಕೆಳಗೆ ಎರಡು ಜೋಡಿ ಎಂಸಿ4 ಕನೆಕ್ಟರ್ (ಸೋಲಾರ್ ತಂತಿ ಸಿಕ್ಕಿಸುವ ಪ್ಲಗ್ಗು) ಕಂಡ ಕೂಡಲೇ ಎರಡು ಎಂಪಿಪಿಟಿ ಎಂದುಕೊಳ್ಳಬೇಡಿ. ಕೆಲವು ಮಾಡೆಲ್ಲುಗಳಲ್ಲಿ ಆ ಎರಡೂ ಜೋಡಿ ಒಳಗೆ ಒಂದೇ ತಂತಿಗೆ ಸೇರಿರುತ್ತವೆ. ಡೇಟಾಶೀಟಿನಲ್ಲಿ ಎಂಪಿಪಿಟಿ ಸಂಖ್ಯೆ ಮತ್ತು ಒಂದು ಎಂಪಿಪಿಟಿಗೆ ಎಷ್ಟು ಸ್ಟ್ರಿಂಗು ಎಂದು ಎರಡು ಅಂಕಿ ಕೊಟ್ಟಿರುತ್ತಾರೆ. 1 ಮತ್ತು 2 ಎಂದಿದ್ದರೆ ಒಂದೇ ಎಂಪಿಪಿಟಿ, ಅದಕ್ಕೆ ಎರಡು ಬಾಯಿ. 2 ಮತ್ತು 1 ಎಂದಿದ್ದರೆ ನಿಮಗೆ ಬೇಕಾದ್ದು. ಇನ್ನು ಕೆಲವು ಇನ್ವರ್ಟರುಗಳ ಸೆಟ್ಟಿಂಗಿನಲ್ಲಿ ಎರಡು ಇನ್‌ಪುಟ್ಟನ್ನು ಪ್ಯಾರಲಲ್ ಅಥವಾ ಸ್ವತಂತ್ರ ಎಂದು ಆರಿಸುವ ಆಯ್ಕೆ ಇರುತ್ತದೆ. ಬೇರೆ ದಿಕ್ಕಿನ ಸ್ಟ್ರಿಂಗಿಗೆ ಸ್ವತಂತ್ರ ಎಂದೇ ಇರಬೇಕು.

ಎರಡು ಮಾಡಿನಿಂದ ಇಳಿದ ನಾಲ್ಕು ತಂತಿ ಗೋಡೆಯ ಹತ್ತಿರ ಒಂದೇ ಪೈಪಿನಿಂದ ಹೊರಬರುವಾಗ ಯಾವುದು ಯಾವುದೆಂದು ತಿಳಿಯುವುದಿಲ್ಲ. ಪೂರ್ವದ ಪ್ಲಸ್ಸು, ಪಶ್ಚಿಮದ ಮೈನಸ್ಸು ಸೇರಿ ಒಂದು ಎಂಪಿಪಿಟಿಗೆ ಹೋದರೆ ಒಂದೋ ಇನ್ವರ್ಟರ್ ತಕರಾರು ಹೇಳುತ್ತದೆ, ಇಲ್ಲವೇ ಒಳಗೇ ಏನೋ ಸುಡುತ್ತದೆ. ತಂತಿ ಎಳೆಯುವ ಮೊದಲೇ ಎರಡೂ ತುದಿಗೆ ಪೂ+, ಪೂ−, ಪ+, ಪ− ಎಂದು ಅಳಿಸದ ಪೆನ್ನಿನಲ್ಲಿ ಬರೆದ ಟ್ಯಾಗ್ ಕಟ್ಟಿಸಿ. ಹತ್ತು ರೂಪಾಯಿಯ ಕೆಲಸ.

ಮೂರು ಮೂರರ ಪೇಚು

ಸಬ್ಸಿಡಿಯ ಲೆಕ್ಕದ 3 ಕಿಲೋವ್ಯಾಟಿಗೆ 540ರ ಪ್ಯಾನೆಲ್ಲು ಆರು. ಎರಡು ಮಾಡಿಗೆ ಹಂಚಿದರೆ ಮೂರು ಮೂರು. ಹಂಚಿಕೆ ಚೆಂದ, ಆದರೆ ಇಲ್ಲೇ ಹಲವರು ಎಡವುತ್ತಾರೆ. ಮೂರು ಪ್ಯಾನೆಲ್ಲಿನ ಸ್ಟ್ರಿಂಗಿನ ವೋಲ್ಟೇಜು ಲೇಬಲಿನಲ್ಲಿ 124. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ಲಿನ ಒಳಗೆ 70 ಡಿಗ್ರಿ ಏರಿದಾಗ ಒಂದೊಂದೂ 35 ವೋಲ್ಟಿಗೆ ಇಳಿದು ಒಟ್ಟು 105 ಆಗುತ್ತದೆ. ಇನ್ವರ್ಟರಿನ ಎಂಪಿಪಿಟಿ ವ್ಯಾಪ್ತಿ 80 ವೋಲ್ಟಿನಿಂದ ಶುರುವಾಗುವುದಾದರೆ ತೊಂದರೆಯಿಲ್ಲ. 120ರಿಂದ ಶುರುವಾದರೆ ಒಳ್ಳೆಯ ಬಿಸಿಲಿರುವ ಹೊತ್ತಿಗೇ ಅದು ತಡವರಿಸುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಸೊರಗುವ ವ್ಯವಸ್ಥೆಗೆ ಮೊದಲು ನೋಡಬೇಕಾದ್ದು ಇದನ್ನೇ.

ಡೇಟಾಶೀಟಿನಲ್ಲಿ ಮೂರು ವೋಲ್ಟೇಜು ಹುಡುಕಿ: ಚಾಲೂ ಆಗುವ ವೋಲ್ಟೇಜು, ಎಂಪಿಪಿಟಿಯ ಕೆಳಗಿನ ಮಿತಿ, ಗರಿಷ್ಠ ಡಿಸಿ ವೋಲ್ಟೇಜು. ಕೆಳಗಿನ ಮಿತಿಯನ್ನು ಬೇಸಿಗೆಯ ಬಿಸಿಗೆ ಹೋಲಿಸಿ, ಮೇಲಿನ ಮಿತಿಯನ್ನು ಚಳಿಗಾಲದ ಮುಂಜಾವಿಗೆ ಹೋಲಿಸಿ. ಶಿರಸಿಗೆ 10 ಡಿಗ್ರಿ ಎಂದು ಹಿಡಿದರೆ ಲೆಕ್ಕ ಭದ್ರ. ಆಗ ಓಪನ್ ವೋಲ್ಟೇಜು 49.5ರಿಂದ 51.5ಕ್ಕೆ ಏರುತ್ತದೆ. 600 ವೋಲ್ಟಿನ ಇನ್ವರ್ಟರಿಗೆ ಒಂದು ಸ್ಟ್ರಿಂಗಿನಲ್ಲಿ 11 ಪ್ಯಾನೆಲ್ಲು ಕೊನೆ. 12 ಹಾಕಿದರೆ 618.

ಮೂರರ ಸ್ಟ್ರಿಂಗು ಹೊಂದದಿದ್ದರೆ ಒಂದು ಮಾಡಿನಲ್ಲಿ ನಾಲ್ಕು, ಇನ್ನೊಂದರಲ್ಲಿ ಎರಡು ಎಂದು ಹಂಚುವುದು ಪರಿಹಾರವಲ್ಲ, ಎರಡರದ್ದು ಇನ್ನೂ ಕಡಿಮೆ ವೋಲ್ಟ್. ಇನ್ವರ್ಟರ್ ಬದಲಿಸಿ, ಇಲ್ಲವೇ ನಾಲ್ಕು ನಾಲ್ಕು ಮಾಡಿ. ಎಂಟು ಪ್ಯಾನೆಲ್ಲೆಂದರೆ 4.32 ಕಿಲೋವ್ಯಾಟ್, ಸಬ್ಸಿಡಿ 3 ಕಿಲೋವ್ಯಾಟಿನ ಮೇಲೆ ಏರುವುದಿಲ್ಲ, ಹೆಚ್ಚಿನ ಎರಡರ ಖರ್ಚು ಪೂರ್ತಿ ನಿಮ್ಮದೇ.

ಒಂದೇ ಎಂಪಿಪಿಟಿ ಇದ್ದರೆ

ಪ್ಯಾರಲಲ್ ಮಾಡಿ, ಪೂರ್ವದ ಸ್ಟ್ರಿಂಗು ಮತ್ತು ಪಶ್ಚಿಮದ ಸ್ಟ್ರಿಂಗು ವೈ ಕನೆಕ್ಟರಿನಲ್ಲಿ ಸೇರಿಸಿ ಒಂದೇ ಇನ್‌ಪುಟ್ಟಿಗೆ ಕೊಡಿ ಎಂಬುದು ಹಳೆಯ ಸಲಹೆ. ತತ್ವ ಸರಿ. ಎರಡೂ ಕಡೆ ಒಂದೇ ಮಾಡೆಲ್ಲಿನ ಪ್ಯಾನೆಲ್ಲು, ಒಂದೇ ಸಂಖ್ಯೆ ಇರಲೇಬೇಕು. 4 ಮತ್ತು 3 ಎಂದರೆ ನಡೆಯುವುದಿಲ್ಲ, ಏಕೆಂದರೆ ನಾಲ್ಕರ ಸ್ಟ್ರಿಂಗು ಮೂರರದ್ದರ ವೋಲ್ಟೇಜಿಗೆ ಇಳಿಯಬೇಕಾಗುತ್ತದೆ.

ಆ ಸಲಹೆ 330 ವ್ಯಾಟಿನ ಪ್ಯಾನೆಲ್ಲಿನ ಕಾಲದ್ದು ಎಂಬುದನ್ನು ಮರೆಯುತ್ತಾರೆ. ಅವುಗಳ ಶಾರ್ಟ್ ಸರ್ಕ್ಯೂಟ್ ಕರೆಂಟು ಒಂಬತ್ತು ಚಿಲ್ಲರೆ ಆಂಪಿಯರ್. ಎರಡು ಸೇರಿದರೆ 19ರ ಒಳಗೆ. ಈಗಿನ 540ರದ್ದು ಎರಡು ಸೇರಿದರೆ 27.8. ಸಣ್ಣ ಇನ್ವರ್ಟರಿನ ಒಂದು ಇನ್‌ಪುಟ್ಟಿಗೆ ಶಾರ್ಟ್ ಸರ್ಕ್ಯೂಟ್ ಮಿತಿ ಮಾಡೆಲ್ಲಿಗೆ ತಕ್ಕಂತೆ 15ರಿಂದ 20 ಆಂಪಿಯರ್ ಇರುವುದೇ ಹೆಚ್ಚು. ಪೂರ್ವ ಪಶ್ಚಿಮ ಒಂದೇ ಹೊತ್ತಿಗೆ ತುತ್ತತುದಿಗೆ ಏರುವುದಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. 10 ಡಿಗ್ರಿಯ ಶೀಟಿನ ಮಾಡಿನಲ್ಲಿ ಸೂರ್ಯ ನೆತ್ತಿಗೆ ಬಂದಾಗ ಎರಡೂ ಹೆಚ್ಚುಕಡಿಮೆ ಪೂರ್ತಿ ಆಂಪಿಯರ್ ಕೊಡುತ್ತವೆ. 30 ಡಿಗ್ರಿಯ ಹೆಂಚಿನ ಮಾಡಿನಲ್ಲೂ ನೂರಕ್ಕೆ 85ರಷ್ಟು ಬರುತ್ತದೆ, ಅಂದರೆ 23 ದಾಟುತ್ತದೆ. ಕೆಲಸದ ಕರೆಂಟಿನ ಮಿತಿ ದಾಟಿದರೆ ಇನ್ವರ್ಟರ್ ಹೆಚ್ಚಿನದನ್ನು ಬಿಟ್ಟುಕೊಡುತ್ತದೆ ಅಷ್ಟೆ, ಅಪಾಯವಿಲ್ಲ. ಶಾರ್ಟ್ ಸರ್ಕ್ಯೂಟಿನ ಮಿತಿ ಹಾಗಲ್ಲ, ಅದು ಸುರಕ್ಷತೆಯ ಗೆರೆ. ದಾಟಿದರೆ ಗ್ಯಾರಂಟಿಯೂ ಹೋಗುತ್ತದೆ.

ಹಾಗಾಗಿ ದೊಡ್ಡ ಪ್ಯಾನೆಲ್ಲು, ಸಣ್ಣ ಇನ್ವರ್ಟರ್, ಒಂದೇ ಎಂಪಿಪಿಟಿ ಎಂಬಲ್ಲಿ ಪ್ಯಾರಲಲ್ ಬೇಡ. ಹೊಸದಾಗಿ ಕೊಳ್ಳುವವರು ಎರಡು ಎಂಪಿಪಿಟಿಯದ್ದನ್ನೇ ಕೊಳ್ಳಿ.

ಫ್ಯೂಸಿನ ಬಗ್ಗೆ ಒಂದು ಮಾತು. ಎರಡು ಸ್ಟ್ರಿಂಗು ಪ್ಯಾರಲಲ್ ಇದ್ದರೆ ಸ್ಟ್ರಿಂಗ್ ಫ್ಯೂಸು ಕಡ್ಡಾಯವಲ್ಲ: ಒಂದರಲ್ಲಿ ದೋಷ ಬಂದರೆ ಇನ್ನೊಂದರಿಂದ ತಿರುಗಿ ಹರಿಯುವುದು 13.9 ಆಂಪಿಯರ್, ಪ್ಯಾನೆಲ್ಲು ತಾಳುವುದು ಸಾಮಾನ್ಯವಾಗಿ 25. ಮೂರನೇ ಸ್ಟ್ರಿಂಗು ಸೇರಿದರೆ ತಿರುಗಿ ಹರಿಯುವುದು 27.8. ಅಲ್ಲಿಂದ ಮುಂದೆ ಪ್ರತಿ ಸ್ಟ್ರಿಂಗಿಗೂ ಡಿಸಿ ಫ್ಯೂಸು ಬೇಕೇ ಬೇಕು.

ಯಾವ ಮಾಡು ಮೇಲು

ನಮ್ಮದು ಉತ್ತರ ಅಕ್ಷಾಂಶ ಹದಿನಾಲ್ಕೂವರೆ, ಹದಿನೈದರ ಆಸುಪಾಸು. ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಹಾಗೆಂದು ಉತ್ತರದ ಮಾಡು ಲಾಭವೆಂದುಕೊಳ್ಳಬೇಡಿ, ಆ ಅವಧಿಯ ಬಹುಭಾಗ ಮಳೆ. ಡಿಸೆಂಬರ್ ನಡುಹಗಲು 30 ಡಿಗ್ರಿ ಇಳಿಜಾರಿನ ಉತ್ತರದ ಮಾಡಿಗೆ ಬೀಳುವ ನೇರ ಬಿಸಿಲು ನೂರಕ್ಕೆ 37 ಮಾತ್ರ. ಇಳಿಜಾರು 15 ಆದರೆ 60. ದಕ್ಷಿಣದ 30 ಡಿಗ್ರಿಗೆ 99. ಹೆಂಚಿನ ಉತ್ತರದ ಮಾಡನ್ನು ಬಿಟ್ಟುಬಿಡಿ. ಸಪಾಟು ಶೀಟಾದರೆ ಬೇರೆ ದಾರಿಯಿಲ್ಲದಾಗ ಹಾಕಬಹುದು, ಅದೂ ಬೇರೆ ಎಂಪಿಪಿಟಿಗೆ.

ಪೂರ್ವ ಪಶ್ಚಿಮಗಳ ನಡುವೆ ಆಯ್ಕೆ ಊರಿನ ಮೇಲೆ ನಿಂತಿದೆ. ಘಟ್ಟದ ಮೇಲೆ ಮನೆ ತೋಟದ ಅಂಚಿಗೆ, ಕಣಿವೆಯಲ್ಲಿ ಇರುತ್ತದೆ. ಹಿಂದೆ ಸೊಪ್ಪಿನ ಬೆಟ್ಟ. ಬೆಟ್ಟ ಪೂರ್ವಕ್ಕಿದ್ದರೆ ಅಂಗಳಕ್ಕೆ ಬಿಸಿಲು ಬೀಳುವ ಹೊತ್ತಿಗೆ ಒಂಬತ್ತು ಕಳೆದಿರುತ್ತದೆ. ಚಳಿಗಾಲದ ಮಂಜೂ ಬೆಳಿಗ್ಗೆಯದ್ದೇ. ಇಂಥಲ್ಲಿ ಪಶ್ಚಿಮಕ್ಕೆ ಒಂದೆರಡು ಪ್ಯಾನೆಲ್ಲು ಹೆಚ್ಚಿರಲಿ. ಕಾರವಾರದಲ್ಲಿ ಪೂರ್ವಕ್ಕೆ ಗುಡ್ಡ, ಪಶ್ಚಿಮಕ್ಕೆ ಕಡಲು. ಸಂಜೆಯವರೆಗೆ ಬಿಸಿಲಿಗೆ ಅಡ್ಡ ಇಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಗುಡುಗಿನ ಮೋಡ ಕಟ್ಟುವುದು ಮಧ್ಯಾಹ್ನದ ಮೇಲೆ, ಆಗ ಪೂರ್ವ ಗೆಲ್ಲುತ್ತದೆ. ಗಡಿಯಾರದ ಒಂದು ಸಂಗತಿ ಗೊತ್ತಿರಲಿ: ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಗ್ರಾಫ್ ನೋಡುವಾಗ ಅದೇ ಮಧ್ಯ.

ದಿಕ್ಕನ್ನು ಮೊಬೈಲಿನ ದಿಕ್ಸೂಚಿಯಲ್ಲಿ ಅಳೆಯುವುದಾದರೆ ಅಂಗಳದಲ್ಲಿ ನಿಂತು ಅಳೆಯಿರಿ. ಶೀಟಿನ ಮಾಡಿನ ಮೇಲೆ ಕಬ್ಬಿಣದಿಂದಾಗಿ ಅದು ಸುಳ್ಳು ಹೇಳುತ್ತದೆ.

ನೆರಳು ಬೇರೆ, ದಿಕ್ಕು ಬೇರೆ

ಎರಡನ್ನೂ ಒಂದೇ ಎಂದು ತಿಳಿದು ‘ಆಪ್ಟಿಮೈಜರ್ ಹಾಕಿ ಎಲ್ಲ ಸರಿಹೋಗುತ್ತದೆ’ ಎಂದು ಮಾರುವವರಿದ್ದಾರೆ. ಆಪ್ಟಿಮೈಜರ್ ಎಂದರೆ ಒಂದೊಂದು ಪ್ಯಾನೆಲ್ಲಿನ ವೋಲ್ಟ್, ಆಂಪಿಯರನ್ನು ಬೇರೆಯಾಗಿ ಹೊಂದಿಸುವ ಸಣ್ಣ ಪೆಟ್ಟಿಗೆ. ದಿಕ್ಕಿನ ವ್ಯತ್ಯಾಸ ಒಂದು ಮಾಡಿನ ಎಲ್ಲ ಪ್ಯಾನೆಲ್ಲಿಗೂ ಸಮ, ಅದಕ್ಕೆ ಬೇರೆ ಸ್ಟ್ರಿಂಗು ಸಾಕು. ತೆಂಗಿನ ಹೆಡೆಯ, ಅಡಿಕೆ ಮರದ, ಹಲಸಿನ ಕೊಂಬೆಯ ನೆರಳು ಒಂದು ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದು ತೆವಳುತ್ತ ಹೋಗುತ್ತದೆ. ಆ ಒಂದೆರಡು ಪ್ಯಾನೆಲ್ಲಿಗೆ ಆಪ್ಟಿಮೈಜರ್ ಅರ್ಥವುಳ್ಳದ್ದು. ಕೆಲವು ಬಗೆಯವನ್ನು ಬೇಕಾದ ಪ್ಯಾನೆಲ್ಲಿಗಷ್ಟೇ ಹಾಕಬಹುದು, ಕೆಲವಕ್ಕೆ ಎಲ್ಲದಕ್ಕೂ ಹಾಕಿ ಅದೇ ಕಂಪನಿಯ ಇನ್ವರ್ಟರೂ ಬೇಕು. ಹಾಕುವ ಮೊದಲು ಇನ್ವರ್ಟರಿನಲ್ಲಿ ನೆರಳಿನ ಸ್ಕ್ಯಾನ್ ಆಯ್ಕೆ ಇದೆಯೇ ನೋಡಿ ಚಾಲೂ ಮಾಡಿ. ಬಹಳ ಕಡೆ ಅದು ಬಂದ್ ಆಗಿಯೇ ಇರುತ್ತದೆ. ಪ್ಯಾನೆಲ್ಲಿಗೊಂದರಂತೆ ಕೂರಿಸುವ ಮೈಕ್ರೋ ಇನ್ವರ್ಟರ್ ನಾಲ್ಕು ದಿಕ್ಕಿಗೆ ಒಂದೊಂದು ಪ್ಯಾನೆಲ್ಲು ಇರುವ ನಾಲ್ಕು ಮಾಡಿನ ಮನೆಗೆ ಸರಿ, ಆದರೆ ಪ್ರತಿಯೊಂದರ ಹೊಟ್ಟೆಯಡಿ ಒಂದೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ನಮ್ಮ ನಾಲ್ಕು ತಿಂಗಳ ಮಳೆಯಲ್ಲಿ ಕೂತಿರಬೇಕು, ಕೆಟ್ಟರೆ ಹೆಂಚಿನ ಮೇಲೆ ಹತ್ತಿ ಪ್ಯಾನೆಲ್ಲು ಕಳಚಬೇಕು. ನನ್ನ ಮತ ಅದರ ಕಡೆಗಿಲ್ಲ.

ತೆಂಗಿನ ಮರದ ಕೆಳಗಂತೂ ಪ್ಯಾನೆಲ್ಲೇ ಬೇಡ. ನೆರಳಿನ ಮಾತು ಆಮೇಲೆ, ಕಾಯಿ ಬಿದ್ದರೆ ಗಾಜು ಉಳಿಯುವುದಿಲ್ಲ.

ಬ್ಯಾಟರಿ ಇರುವ ಮನೆಗಳಿಗೆ

ಬರಿಯ ಗ್ರಿಡ್ ಇನ್ವರ್ಟರ್ ಕರೆಂಟು ಹೋದ ಕ್ಷಣ ತಾನೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವವರ ಜೀವ ಉಳಿಸುವ ಏರ್ಪಾಡು ಅದು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕತ್ತಲಾಗುವ ಊರುಗಳಲ್ಲಿ ಆದ್ದರಿಂದಲೇ ಬ್ಯಾಟರಿ, ಅದಕ್ಕೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರ್ ಇನ್ನೂ ಉಳಿದಿವೆ. ಇಲ್ಲಿ ಪ್ಯಾರಲಲ್ಲೇ ಸಹಜ: 48 ವೋಲ್ಟ್ ಬ್ಯಾಟರಿಗೆ ಪೂರ್ವದ ಎರಡು ಸೀರೀಸ್, ಪಶ್ಚಿಮದ ಎರಡು ಸೀರೀಸ್, ಎರಡು ಜೋಡಿಯೂ ಪ್ಯಾರಲಲ್. ಕಂಟ್ರೋಲರಿನ ಪ್ಯಾನೆಲ್ ಕಡೆಯ ಆಂಪಿಯರ್ ಮಿತಿ 28ಕ್ಕಿಂತ ಮೇಲಿರಬೇಕು.

150 ವೋಲ್ಟಿನ ಎಂಪಿಪಿಟಿ ಕಂಟ್ರೋಲರಿಗೆ ಮೂರು ಪ್ಯಾನೆಲ್ಲು ಸೀರೀಸ್ ಕಟ್ಟುವ ಆಸೆ ಬೇಡ. ಲೇಬಲ್ ಕೂಡಿಸಿದರೆ 148.5, ಮಿತಿಯೊಳಗೇ ಇದೆ ಅನಿಸುತ್ತದೆ. ಡಿಸೆಂಬರಿನ ಬೆಳಿಗ್ಗೆ ಚಳಿಯಲ್ಲಿ ಮೊದಲ ಬಿಸಿಲು ಬಿದ್ದಾಗ ಅದು 154. ಕಂಟ್ರೋಲರ್ ಸುಡಲು ಒಂದು ಬೆಳಿಗ್ಗೆ ಸಾಕು, ಗ್ಯಾರಂಟಿಯಲ್ಲಿ ಬದಲಿಸಿಕೊಡುವುದೂ ಇಲ್ಲ.

ತಂತಿ, ಕನೆಕ್ಟರ್, ಉಪ್ಪುಗಾಳಿ

ಹೆಂಚಿನ ಮೇಲೆ ಭಾರ ಬೀಳಬಾರದು. ಕೊಕ್ಕೆ ಹೆಂಚಿನಡಿಯಿಂದ ಹೋಗಿ ಪಕಾಸಿಗೆ ಕಚ್ಚಬೇಕು. ರೀಪಿಗೆ ಮೊಳೆ ಹೊಡೆದದ್ದು ಗಾಳಿಗೆ ತಾಳುವುದಿಲ್ಲ. ಪಕಾಸು ಹಳೆಯದಾದರೆ ಗೆದ್ದಲು ಹಿಡಿದಿದೆಯೇ ಎಂದು ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಿ.

ಇನ್ವರ್ಟರಿನಿಂದ ದೂರದ ಮಾಡಿಗೆ 30 ಮೀಟರ್ ಎಂದರೆ ತಂತಿ ಹೋಗಿಬಂದು 60 ಮೀಟರ್. 4 ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ಲಿನಲ್ಲಿ ರೋಧ 0.3 ಓಮ್, 10 ಆಂಪಿಯರಿಗೆ 3 ವೋಲ್ಟ್ ಹೋಯಿತು. ನಾಲ್ಕು ಪ್ಯಾನೆಲ್ಲಿನ 160 ವೋಲ್ಟಿನಲ್ಲಿ ಅದು ನೂರಕ್ಕೆ ಎರಡರ ಹತ್ತಿರ. ದೂರ ಇನ್ನೂ ಹೆಚ್ಚಾದರೆ 6 ಸ್ಕ್ವೇರ್ ಹಾಕಿ. ಸ್ಟ್ರಿಂಗು ಉದ್ದವಿದ್ದಷ್ಟೂ ಈ ನಷ್ಟ ಕಡಿಮೆ. ಮನೆ ವೈರಿಂಗಿನ ಸಾಮಾನ್ಯ ತಂತಿ ಮಾಡಿನ ಮೇಲೆ ಬೇಡ, ಬಿಸಿಲಿಗೆ ಅದರ ತೊಗಟೆ ಸಿಡಿಯುತ್ತದೆ.

ಎಂಸಿ4 ಕನೆಕ್ಟರಿನ ಗಂಡು ಒಂದು ಕಂಪನಿಯದ್ದು, ಹೆಣ್ಣು ಇನ್ನೊಂದರದ್ದು ಆಗಬಾರದು. ಕಚ್ಚಿಕೊಂಡಂತೆ ಕಾಣುತ್ತದೆ, ಒಳಗೆ ಸಡಿಲ, ಕಾದು ಕರಗುತ್ತದೆ. ಕನೆಕ್ಟರ್ ಹೆಂಚಿನ ಮೇಲೆ ಮಲಗಿರಬಾರದು, ಪ್ಯಾನೆಲ್ಲಿನ ಚೌಕಟ್ಟಿಗೆ ಕಟ್ಟಿ ನೇತಾಡದಂತೆ ಇರಬೇಕು. ಕರಾವಳಿಯಲ್ಲಿ ಎಸ್‌ಎಸ್ 304 ಬೋಲ್ಟಿಗೂ ಕಲೆ ಹಿಡಿಯುತ್ತದೆ. ಕಡಲಿಗೆ ಹತ್ತಿರವಾದರೆ 316 ಕೇಳಿ. ಸ್ಟ್ರಕ್ಚರ್ ಕಬ್ಬಿಣದ್ದಾದರೆ ಬಿಸಿ ಸತುವಿನಲ್ಲಿ ಅದ್ದಿದ್ದು, 80 ಮೈಕ್ರಾನ್. ಪ್ಯಾನೆಲ್ಲಿಗೆ ಉಪ್ಪುಗಾಳಿಯ ಪರೀಕ್ಷೆ, ಅಂದರೆ ಐಇಸಿ 61701 ಆಗಿದೆಯೇ ಎಂದು ಡೇಟಾಶೀಟಿನಲ್ಲಿ ನೋಡಬಹುದು.

ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಚೆನ್ನಾಗಿ ಸಿಗುವುದಿಲ್ಲ. ಜುಲೈಯಲ್ಲಿ ಅಳೆದು 3 ಓಮ್ ಬಂತೆಂದು ಖುಷಿಪಡಬೇಡಿ. ಗುಡುಗು ಬರುವುದು ಏಪ್ರಿಲ್, ಮೇಯಲ್ಲಿ. ಅಳತೆ ಮಾರ್ಚಿನಲ್ಲಿ ಆಗಲಿ, 5 ಓಮ್ ಮೀರಿದರೆ ಬೆಂಟೋನೈಟ್ (ತೇವ ಹಿಡಿದಿಡುವ ಜೇಡಿ) ತುಂಬಿದ ಇನ್ನೊಂದು ಗುಂಡಿ ತೋಡಿಸಿ. ಎರಡು ಎಂಪಿಪಿಟಿ ಎಂದರೆ ಡಿಸಿ ಬಾಕ್ಸಿನಲ್ಲಿ ಸಿಡಿಲಿನ ಹೊಡೆತವನ್ನು ಭೂಮಿಗೆ ಇಳಿಸುವ ಎಸ್‌ಪಿಡಿಯೂ ಎರಡು.

ಚಾಲೂ ಮಾಡುವ ದಿನ

ಇನ್ವರ್ಟರಿಗೆ ಸಿಕ್ಕಿಸುವ ಮೊದಲು ಪ್ರತಿ ಸ್ಟ್ರಿಂಗಿನ ಓಪನ್ ವೋಲ್ಟೇಜು ಮಲ್ಟಿಮೀಟರಿನಲ್ಲಿ ಅಳೆಯಿರಿ, ಪ್ಲಸ್ ಮೈನಸ್ ಸರಿಯಿದೆಯೇ ನೋಡಿ. ನಾಲ್ಕು ಪ್ಯಾನೆಲ್ಲಿಗೆ 180ರಿಂದ 195ರ ನಡುವೆ ಬರಬೇಕು, ಎರಡು ಸ್ಟ್ರಿಂಗಿನ ನಡುವೆ ಕೆಲವೇ ವೋಲ್ಟ್ ವ್ಯತ್ಯಾಸ. 45ರಷ್ಟು ಕಡಿಮೆ ಇದ್ದರೆ ಒಂದು ಪ್ಯಾನೆಲ್ಲು ಸೇರಿಲ್ಲ. 15ರಷ್ಟು ಕಡಿಮೆ ಇದ್ದರೆ ಒಂದು ಬೈಪಾಸ್ ಡಯೋಡ್ ಶಾರ್ಟ್. ಕಳಚುವಾಗ ಮೊದಲು ಎಸಿ ಬ್ರೇಕರ್, ಆಮೇಲೆ ಡಿಸಿ ಸ್ವಿಚ್, ಹತ್ತು ನಿಮಿಷ ಬಿಟ್ಟು ಕನೆಕ್ಟರ್. ಓಡುತ್ತಿರುವಾಗ ಎಂಸಿ4 ಎಳೆದರೆ ಡಿಸಿ ಕಿಡಿ ತಾನಾಗಿ ಆರುವುದಿಲ್ಲ, ಕೈ ಸುಡುತ್ತದೆ.

ಮೋಡವಿಲ್ಲದ ದಿನದ ಆಂಪಿಯರ್ ಗ್ರಾಫಿನಲ್ಲಿ ಪೂರ್ವದ ಗೆರೆಯ ಗುಡ್ಡ ಹನ್ನೆರಡೂವರೆಗೆ ಮೊದಲು, ಪಶ್ಚಿಮದ್ದು ಆಮೇಲೆ ಇರಬೇಕು. ಎರಡು ಗೆರೆ ಒಂದರ ಮೇಲೊಂದು ಕೂತಿದ್ದರೆ ಎರಡೂ ಒಳಗೆ ಸೇರಿವೆ ಅಥವಾ ಪ್ಯಾನೆಲ್ಲು ಬೆರೆತಿವೆ. ವೋಲ್ಟೇಜಿನ ಗೆರೆ ಬೆಳಿಗ್ಗೆ ಅರ್ಧಕ್ಕೆ ಇದ್ದು ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು ಹತ್ತಿದಂತೆ ಮೇಲೇರಿದರೆ ದಿಕ್ಕು ಬೆರೆತದ್ದು ಖಾತ್ರಿ. ಬೈಪಾಸ್ ಆದ ಪ್ಯಾನೆಲ್ಲುಗಳು ಆಗ ಮತ್ತೆ ಸೇರಿಕೊಂಡಿವೆ.

ಮೊದಲ ಮಳೆಗಾಲದ ಐಸೋಲೇಶನ್ ಫಾಲ್ಟ್

ಜೂನ್ ಬೆಳಿಗ್ಗೆ ಕೆಂಪು ದೀಪ, ಐಸೋಲೇಶನ್ ಎಂಬ ಸಂದೇಶ, ಹತ್ತು ಗಂಟೆಗೆ ಒಣಗಿದ ಮೇಲೆ ತಾನೇ ಸರಿ. ಎಲ್ಲೋ ಡಿಸಿ ತಂತಿ ನೀರಿನ ಮೂಲಕ ಭೂಮಿಗೆ ತಾಗುತ್ತಿದೆ ಎಂದರ್ಥ. ಎರಡು ಮಾಡು ಇರುವಾಗ ಇಡೀ ಮಾಡು ಬಿಚ್ಚಬೇಕಿಲ್ಲ. ಫಾಲ್ಟ್ ಇರುವಾಗಲೇ, ಅಂದರೆ ಒದ್ದೆಯಾಗಿರುವಾಗಲೇ, ಎಲ್ಲ ಬಂದ್ ಮಾಡಿ ಎರಡೂ ಸ್ಟ್ರಿಂಗನ್ನು ಇನ್ವರ್ಟರಿನಿಂದ ಕಳಚಿ. ರಬ್ಬರ್ ಗ್ಲೌಸ್ ಹಾಕಿ, 1000 ವೋಲ್ಟ್ ತಾಳುವ ಮೀಟರಿನಲ್ಲಿ ಒಂದೊಂದರ ಪ್ಲಸ್ಸಿನಿಂದ ಅರ್ಥಿಗೆ, ಮೈನಸ್ಸಿನಿಂದ ಅರ್ಥಿಗೆ ಅಳೆಯಿರಿ. ಅಭ್ಯಾಸವಿಲ್ಲದವರು ಇದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ. ಸರಿಯಿರುವ ಸ್ಟ್ರಿಂಗಿನಲ್ಲಿ ಎರಡೂ ಅಂಕಿ ಸೊನ್ನೆಯತ್ತ ಇಳಿಯುತ್ತವೆ. ದೋಷವಿರುವುದರಲ್ಲಿ ನಿಲ್ಲುತ್ತವೆ, ಎರಡೂ ಕೂಡಿದರೆ ಸ್ಟ್ರಿಂಗಿನ ಪೂರ್ತಿ ವೋಲ್ಟೇಜಿನ ಹತ್ತಿರ ಬರುತ್ತದೆ.

ಪಶ್ಚಿಮದ ಸ್ಟ್ರಿಂಗು ಒಟ್ಟು 190 ವೋಲ್ಟ್, ಪ್ಲಸ್ಸಿನಿಂದ ಅರ್ಥಿಗೆ 47, ಮೈನಸ್ಸಿನಿಂದ 143 ಎಂದಿಟ್ಟುಕೊಳ್ಳಿ. ಒಂದು ಪ್ಯಾನೆಲ್ಲು 47.5. ಅಂದರೆ ಪ್ಲಸ್ ತುದಿಯಿಂದ ಮೊದಲನೆಯ ಮತ್ತು ಎರಡನೆಯ ಪ್ಯಾನೆಲ್ಲಿನ ನಡುವೆ ನೀರು ಕುಡಿದಿದೆ. ಆ ಒಂದೇ ಜಾಗಕ್ಕೆ ಏಣಿ ಇಡಿ: ಕ್ಲಾಂಪಿನಡಿ ಸಿಕ್ಕಿ ತೊಗಟೆ ಹರಿದ ತಂತಿ, ಇಲಿ ಕಡಿದದ್ದು, ಇಲ್ಲವೇ ಹೆಂಚಿನ ಸಾಲಿನಲ್ಲಿ ನೀರು ಹರಿಯುವಲ್ಲಿ ಮಲಗಿದ ಕನೆಕ್ಟರ್ ಕಾಣುತ್ತದೆ. ಅದಕ್ಕೆ ಟೇಪು ಸುತ್ತಬೇಡಿ, ಒಳಗಿನ ನೀರು ಒಳಗೇ ಉಳಿಯುತ್ತದೆ. ಎರಡೂ ಬದಿಯ ಕನೆಕ್ಟರ್ ಕತ್ತರಿಸಿ, ತಾಮ್ರ ಕಪ್ಪಾಗಿದ್ದರೆ ಹೊಳೆಯುವ ಎಳೆ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಒಂದೇ ಕಂಪನಿಯ ಹೊಸ ಜೋಡಿಯನ್ನು ಎಂಸಿ4ರದೇ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ ಹಾಕಿ. ತಂತಿ ಗಿಡ್ಡವಾದರೆ ಎಳೆದು ಬಿಗಿಯುವ ಬದಲು ನಡುವೆ ಒಂದಡಿ ಸೋಲಾರ್ ಕೇಬಲ್ ಸೇರಿಸಿ, ಚೌಕಟ್ಟಿಗೆ ಎತ್ತಿ ಕಟ್ಟಿ.